ಹಳೆಯ ಟ್ರ್ಯಾಕ್ಟರಿಗೆ ಬಿಡಿಭಾಗ ಹುಡುಕಿದ ಕಥೆ

(ಸಂಘದ ಸದಸ್ಯರ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಸಾಹಿತಿಗಳು, ಪ್ರಾಧ್ಯಾಪಕರು, ಇಲ್ಲವೆ ಊರಿನಿಂದ ಬಂದ ಅತಿಥಿಗಳು. ನಾನು ಈ ಮೂವರಲ್ಲಿ ಯಾರೂ ಅಲ್ಲ. 35 ವರ್ಷ ಒಂದು ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. "ನಿಮಗೆ ತಿಳಿದ ಒಂದು ವಿಷಯವನ್ನು ಕುರಿತು ಮಾತಾಡಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಾಗ ಸಂಕೋಚವಾಯಿತು. ತಿಳಿದ ವಿಷಯವೆಂಬುದು ನನ್ನಲ್ಲಿ ಯಾವುದೂ ಇರಲಿಲ್ಲ. ಆದರೆ ತಿಳಿಯದೆ ಪಟ್ಟ ಪಾಡು ಒಂದಿತ್ತು. ಅದನ್ನೇ ಹೇಳುತ್ತೇನೆಂದು ಒಪ್ಪಿಕೊಂಡೆ. ಕೇಳಿ ನಗಬೇಡಿ. ನನ್ನ ವಿಷಯ ಹಳೆಯದೊಂದು ಟ್ರ್ಯಾಕ್ಟರು, ಮತ್ತು ಅದರ ಬಿಡಿಭಾಗಗಳಿಗಾಗಿ ನಾನು ಈ ಮುಂಬಯಿಯಲ್ಲಿ ಅಲೆದ ನಾಲ್ಕು ತಿಂಗಳು.

ನಮ್ಮ ಊರು ಹಾವೇರಿ ಜಿಲ್ಲೆಯಲ್ಲಿದೆ. ತಂದೆಯವರು ಬಿಟ್ಟುಹೋದ ಎಂಟು ಎಕರೆ ಎರೆ ಭೂಮಿ. ಅದರಲ್ಲಿ ಅರ್ಧ ಅಣ್ಣನದು, ಅರ್ಧ ನನ್ನದು. ಪಾಲು ಕಾಗದದ ಮೇಲೆ ಮಾತ್ರ, ಉಳುವವನು ಅಣ್ಣನೇ. ಮಗನಿಗೆ ಮನೆ ಮಾಡಿಕೊಡುವ ಚಿಂತೆ ನನಗೆ ಹತ್ತಿದಾಗ, ನನ್ನ ಪಾಲಿನ ನಾಲ್ಕು ಎಕರೆ ಮಾರಿಬಿಡೋಣವೆಂಬ ಮಾತು ಮನೆಯಲ್ಲಿ ಎದ್ದಿತು. ಮುಂಬಯಿಯಲ್ಲಿ ಎರಡು ಕೋಣೆಯ ಮನೆಗೆ ಮುಂಗಡ ಕಟ್ಟುವುದೆಂದರೆ ಏನೆಂಬುದು ತಮಗೆ ನಾನು ಹೇಳಬೇಕಾಗಿಲ್ಲ. ಅಣ್ಣನಿಗೆ ಈ ಮಾತು ಹಿಡಿಸಲಿಲ್ಲ. ಜಗಳವಾಡಲಿಲ್ಲ, ಮಾತು ಕಡಿಮೆ ಮಾಡಿದ. ಹಬ್ಬಕ್ಕೊಂದು ಫೋನು, ಮಳೆ ಬಂತೇ ಬೆಳೆ ಹೇಗಿದೆ ಎಂಬ ಎರಡು ಪ್ರಶ್ನೆ, ಅಷ್ಟೇ.

ಹೀಗಿರಲು 2022ರ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಣ್ಣನೇ ಫೋನು ಮಾಡಿದ.

"ತಮ್ಮಾ, ಒಂದು ಟ್ರ್ಯಾಕ್ಟರ್ ತಗೊಂಡೀನಿ. ಹಳೇದೈತಿ, ಆದ್ರ ಕಬ್ಬಿಣ ಗಟ್ಟಿ ಐತಿ."

ನನಗೆ ಕೂಡಲೆ ನೆನಪಾದದ್ದು ಗಾದೆಮಾತು: ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜೋಳ ತಂದರಂತೆ. ಆದರೆ ಬಾಯಿಬಿಟ್ಟು ಆಡಲಿಲ್ಲ. ಅಣ್ಣನ ಕಷ್ಟ ನನಗೆ ಗೊತ್ತಿತ್ತು. ಎತ್ತಿನ ಜೋಡಿಯಲ್ಲಿ ಒಂದು ಸತ್ತಿತ್ತು. ಬಾಡಿಗೆಯ ಟ್ರ್ಯಾಕ್ಟರನ್ನು ನಂಬಿದರೆ ಅದು ಬರುವುದು ದೊಡ್ಡ ಹೊಲದವರ ಸರದಿ ಮುಗಿದ ಮೇಲೆ. ಎರೆ ಭೂಮಿಯ ಹದ ಯಾರನ್ನೂ ಕಾಯುವುದಿಲ್ಲ. ಎರಡು ದಿನ ತಡವಾದರೆ ಹದ ಹೋಯಿತು, ಬಿತ್ತಿಗೆ ಹೋಯಿತು. ಹೊಸದನ್ನು ಕೊಳ್ಳಲು ಸಾಲ ಬೇಕು. ಸಾಲವೆಂದರೆ ನಮ್ಮ ಮನೆಯಲ್ಲಿ ತಂದೆಯವರ ಕಾಲದ ಹೆದರಿಕೆ ಇನ್ನೂ ಹೋಗಿಲ್ಲ. ಉಳಿದ ಎತ್ತನ್ನು ಮಾರಿ, ಇದ್ದಬದ್ದ ಹಣ ಕೂಡಿಸಿ, 90,000 ರೂಪಾಯಿಗೆ ಈ ಹಳೆಯ ಯಂತ್ರವನ್ನು ತಂದಿದ್ದ. ತಾನೊಬ್ಬನೇ ಎಂಟು ಎಕರೆಯನ್ನೂ ಉಳಬಲ್ಲೆನೆಂದು ತೋರಿಸುವುದು ಅವನ ಮನಸ್ಸಿನಲ್ಲಿದ್ದಿತೆಂದು ನನಗೆ ಆಮೇಲೆ ಅರ್ಥವಾಯಿತು. ಯಂತ್ರ ನಡೆದರೆ ಹೊಲ ಉಳಿಯುವುದು. ನಡೆಯದಿದ್ದರೆ ನನ್ನ ಮಾತೇ ಗೆಲ್ಲುವುದು.

ಮನೆಗೆ ತಂದ ಎಂಟನೆಯ ದಿನಕ್ಕೆ ಅದು ನಿಂತಿತು.

ಅಣ್ಣನ ಮಗ ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿದ. ಬಣ್ಣ ಮಾಸಿದ ಮೈ, ಮುಂದೆ ಎರಡು ಸಣ್ಣ ಗಾಲಿ, ಹಿಂದೆ ಎರಡು ದೊಡ್ಡವು. ಪಕ್ಕದಲ್ಲಿ ತುಕ್ಕು ಹಿಡಿದ ಒಂದು ತಗಡಿನ ಪಟ್ಟಿ. ಅದನ್ನು ಒರೆಸಿ ಓದಲು ಹೇಳಿದೆ. ಮಾದರಿ ಬಿ-275. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ. ಊರಿನ ಹೆಸರು ಬಾಂಬೆ. ನೋಂದಣಿ ಪುಸ್ತಕದಲ್ಲಿ ವರ್ಷ 1974.

ಮಿತ್ರರೇ, ನಾನು ಕಾಂದಿವಲಿಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಆಕುರ್ಲಿ ರಸ್ತೆಯ ಮಹೀಂದ್ರ ಕಾರಖಾನೆಯ ಗೋಡೆಯ ಪಕ್ಕದಲ್ಲಿ ಸಾವಿರ ಸಲ ಹಾದುಹೋಗಿದ್ದೇನೆ. ನಮ್ಮ ಊರಿನ ಹೊಲದಲ್ಲಿ ಕೆಟ್ಟು ನಿಂತ ಯಂತ್ರ ಹುಟ್ಟಿದ್ದು ನನ್ನ ಮನೆಯಿಂದ ಕೂಗಳತೆಯಲ್ಲಿ ಎಂಬುದು ಅಂದಿನವರೆಗೆ ನನಗೆ ತಿಳಿದಿರಲಿಲ್ಲ.

ಇದರ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿ ಟ್ರ್ಯಾಕ್ಟರುಗಳೆಲ್ಲ ಹೊರಗಿನಿಂದ ಬಂದವು. 1947ರಲ್ಲಿ ಕೇಂದ್ರ ಸರಕಾರ ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಸೇಷನ್ ಎಂಬ ಸಂಸ್ಥೆಯನ್ನು ಕಟ್ಟಿತು. ಮಹಾಯುದ್ಧದಲ್ಲಿ ಬಳಸಿ ಉಳಿದ ಯಂತ್ರಗಳಿಂದ ಮಧ್ಯ ಭಾರತದ ಕಾನ್ಸ್ ಹುಲ್ಲಿನ ಬೀಡು ನೆಲವನ್ನು ಉತ್ತು ಸಾಗುವಳಿಗೆ ತರುವುದು ಅದರ ಕೆಲಸ. 1949ರಲ್ಲಿ ಇದೇ ಕೆಲಸದ ಯಂತ್ರಗಳಿಗಾಗಿ ವಿಶ್ವಬ್ಯಾಂಕಿನಿಂದ 1 ಕೋಟಿ ಡಾಲರು ಸಾಲವೂ ಬಂದಿತು. ದೇಶದಲ್ಲಿಯೇ ಟ್ರ್ಯಾಕ್ಟರು ತಯಾರಾಗತೊಡಗಿದ್ದು 1959ರಲ್ಲಿ, ಫರೀದಾಬಾದಿನ ಐಷರ್ ಕಾರಖಾನೆಯಿಂದ. ಹೊರಗಿನ ಯಂತ್ರ ಕೆಟ್ಟರೆ ಒಂದು ಸಣ್ಣ ಸಾಮಾನಿಗೂ ಹಡಗಿನ ಹಾದಿ ಕಾಯಬೇಕು. ಯಂತ್ರ ತರುವುದು ಸುಲಭ, ಅದನ್ನು ಬಾಳಿಸುವುದು ಕಷ್ಟ.

1963ರಲ್ಲಿ ಮಹೀಂದ್ರ ಕಂಪನಿ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಸೇರಿ ಮುಂಬಯಿಯಲ್ಲಿ ಈ ಟ್ರ್ಯಾಕ್ಟರು ಕಂಪನಿಯನ್ನು ಸ್ಥಾಪಿಸಿದವು. 1965ರಲ್ಲಿ ಬಿ-275 ಹೊರಬಂದಿತು. ಇದರ ಮೂಲ ವಿನ್ಯಾಸ ಇಂಗ್ಲೆಂಡಿನದು. 35 ಅಶ್ವಶಕ್ತಿ, ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನು, ಮುಂದಕ್ಕೆ ಎಂಟು ಗೇರು, ಹಿಂದಕ್ಕೆ ಎರಡು. 1977ರಲ್ಲಿ ಈ ಕಂಪನಿ ಮಹೀಂದ್ರದಲ್ಲಿಯೇ ಲೀನವಾಯಿತು. ಅತ್ತ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ನಷ್ಟಕ್ಕೆ ಬಿದ್ದು, 1985ರಲ್ಲಿ ತನ್ನ ಕೃಷಿಯಂತ್ರದ ವಿಭಾಗವನ್ನೇ ಮಾರಿಬಿಟ್ಟಿತು. ತಾಯಿಮನೆ ಮುರಿಯಿತು, ಇಲ್ಲಿ ಕೊಟ್ಟ ಮಗಳ ಮನೆ ಬೆಳೆಯಿತು.

ಆ ರಾತ್ರಿ ನನಗೆ ಅನ್ನಿಸಿದ್ದು ಇಷ್ಟು: ನಾವು ಊರು ಬಿಟ್ಟು ಮುಂಬಯಿಗೆ ಬಂದೆವು, ಇದು ಮುಂಬಯಿ ಬಿಟ್ಟು ನಮ್ಮ ಊರಿಗೆ ಹೋಯಿತು. ಸುಮಾರು ಐವತ್ತು ವರ್ಷ ನಾವು ಅಲ್ಲಿ ಮಾಡದೆ ಬಿಟ್ಟ ಕೆಲಸವನ್ನು ಇದು ಮಾಡಿತು. "ಸಾಮಾನು ನಾನು ಹುಡುಕಿ ಕಳಿಸ್ತೀನಿ" ಎಂದು ಅಣ್ಣನಿಗೆ ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟದ್ದೇನೋ ಆಯಿತು. ಇನ್ನು ನನ್ನ ಪೆದ್ದುತನದ ಅಧ್ಯಾಯ.

ಹಾವೇರಿಯಿಂದ ಬಂದ ಮೇಸ್ತ್ರಿ ಹೇಳಿದ ರೋಗಗಳು ನಾಲ್ಕು. ಬೆಳಗಿನ ಚಳಿಯಲ್ಲಿ ಇಂಜಿನು ಹತ್ತುವುದಿಲ್ಲ. ಹತ್ತಿದರೆ ನೀಲಿ ಹೊಗೆ. ಒಳಗಿನಿಂದ ಬಡಿತದ ಸದ್ದು. ಮುಂದಿನ ಆಕ್ಸಲು ತೊಟ್ಟಿಲಿನಂತೆ ತೂಗುತ್ತದೆ. ಇಂಜಿನಿಗೆ ಹೊಸ ಪಿಸ್ಟನ್ ರಿಂಗು ಬೇಕೆಂದ. ನಾನು ಮರುದಿನವೇ ದಾದರಿನಲ್ಲಿ ಗಾಡಿ ಬದಲಿಸಿ ಕುರ್ಲಾಕ್ಕೆ ಹೋದೆ. ಅಲ್ಲಿಯ ಸಿ.ಎಸ್.ಟಿ. ರಸ್ತೆಯನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಬಿಚ್ಚಿದ ಮೋಟಾರುಗಳ ಬಾಗಿಲು, ಗೇರುಪೆಟ್ಟಿಗೆ, ದೀಪ, ಗಾಲಿ ರಾಶಿರಾಶಿಯಾಗಿ ಬಿದ್ದಿರುತ್ತವೆ. ಅಲ್ಲಿ ಕಾರಿನದೇ ರಾಜ್ಯ. ಟ್ರ್ಯಾಕ್ಟರು ಎಂದೊಡನೆ ಎಲ್ಲರೂ ಮುಖ ಮುಖ ನೋಡಿದರು. ಕೊನೆಗೆ ಒಬ್ಬರು ಬೇರೆ ಕಡೆಯಿಂದ ತರಿಸಿಕೊಡುವೆನೆಂದು ಒಪ್ಪಿ, "ಯಾವ ಮಾದರಿ?" ಎಂದರು. ನಾನು ಠೀವಿಯಿಂದ "275" ಎಂದೆ. ಮೂರು ದಿನದಲ್ಲಿ ಸಾಮಾನು ಬಂತು. ಹಣ ಕೊಟ್ಟು, ಹುಬ್ಬಳ್ಳಿಯ ಬಸ್ಸಿಗೆ ಹಾಕಿಸಿ, ದೊಡ್ಡ ಕೆಲಸ ಮಾಡಿದವನ ಹಾಗೆ ಮನೆಗೆ ಬಂದು ಕಾಫಿ ಕುಡಿದೆ.

ಎರಡು ದಿನದ ಮೇಲೆ ಅಣ್ಣನ ಫೋನು.

"ತಮ್ಮಾ, ನಮ್ಮ ಇಂಜಿನ್ನಿಗೆ ನಾಲ್ಕು ಸಿಲಿಂಡರ್ ಅದಾವ. ನೀ ಮೂರಕ್ಕ ಆಗೂವಷ್ಟ ಕಳಿಸೀದಿ. ಅವೂ ಕೂಡೂದುಲ್ಲ."

ಆದದ್ದು ಇಷ್ಟೇ. ಹೆಸರಿನಲ್ಲಿ ಇದೇ ಅಂಕೆಯುಳ್ಳ 275 ಡಿಐ ಎಂಬ ಟ್ರ್ಯಾಕ್ಟರನ್ನು ಅದೇ ಕಂಪನಿ ಇಂದಿಗೂ ಮಾರುತ್ತದೆ. ಅದರ ಇಂಜಿನು ಮೂರು ಸಿಲಿಂಡರಿನದು. ಹಳೆಯ ಬಿ-275ಕ್ಕೂ ಅದಕ್ಕೂ ಅಂಕೆಯ ನಂಟಿರಬಹುದು, ಇಂಜಿನಿನ ನಂಟಿಲ್ಲ. ಅಂಗಡಿಯವರ ತಪ್ಪು ಏನೂ ಇರಲಿಲ್ಲ; ನಾನು ಕೇಳಿದ್ದನ್ನೇ ಕೊಟ್ಟರು. ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಒಂದೇ ಚಾಳಿನಲ್ಲಿದ್ದರೆ ಅಂಚೆಯವನು ಪಡುವ ಫಜೀತಿಯೇ ಇದು.

ಆಗ ನಾನು ಶರಣುಹೋದದ್ದು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರನ್ನು. ಹೆಸರು ಹೇಳಕೂಡದೆಂದು ಅವರ ಆಜ್ಞೆಯಾಗಿದೆ. ಕುಂದಾಪುರದ ಕಡೆಯವರು. ಹುಡುಗರಾಗಿ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಫಿಟರ್ ಕೆಲಸ ಕಲಿತು, ಕಾಂದಿವಲಿಯ ಆ ಕಾರಖಾನೆಯಲ್ಲಿಯೇ ಆಯುಷ್ಯ ಕಳೆದವರು. ಈಗ ಎಪ್ಪತ್ತು ದಾಟಿದೆ. ನಾವೆಲ್ಲ ಅವರನ್ನು ಸಂಘದ ಊಟದ ಪಂಕ್ತಿಯಲ್ಲಿ ಬಡಿಸುವ ಹಿರಿಯರೆಂದು ಬಲ್ಲೆವು. ಅವರ ಕೈ ಯಾವ ಕೆಲಸದ ಕೈ ಎಂದು ಎಷ್ಟು ಜನ ಕೇಳಿದ್ದೇವೆ? ನಾನಂತೂ ಕೇಳಿರಲಿಲ್ಲ.

ನನ್ನ ಕಥೆ ಕೇಳಿ ಅವರು ನಕ್ಕರು. "ಎಂತ ಮಾರಾಯ್ರೆ, ಹೆಸರು ಹೇಳಿ ಸಾಮಾನು ಕೇಳುದಾ? ಹೆಸರು ಬದಲಾಗ್ತದೆ. ಅಳತೆ ಬದಲಾಗುದಿಲ್ಲ" ಎಂದರು. ಈ ಭಾಷಣದಲ್ಲಿ ತಾವು ನೆನಪಿಡತಕ್ಕ ಮಾತು ಒಂದಿದ್ದರೆ ಇದೇ. ಅವರು ಹೇಳಿಕೊಟ್ಟದ್ದನ್ನು ಒಂದೊಂದಾಗಿ ಹೇಳುತ್ತೇನೆ; ಊರಿನಲ್ಲಿ ಹಳೆಯ ಪಂಪುಸೆಟ್ಟೋ, ಗಿರಣಿಯೋ, ಟ್ರ್ಯಾಕ್ಟರೋ ಇದ್ದವರಿಗೆ ಉಪಯೋಗವಾದೀತು.

ಮೊದಲನೆಯದು, ಹೊಗೆಯನ್ನು ಓದುವುದು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಗಾಳಿಯ ಜಾಲರಿಯನ್ನು ಶುಚಿ ಮಾಡಬೇಕು, ಅದಕ್ಕೆ ದುಡ್ಡಿಲ್ಲ. ನೀಲಿ ಹೊಗೆ ಬಂದರೆ ಇಂಜಿನಿನ ಎಣ್ಣೆ ಉರಿಯುತ್ತಿದೆ. ರಿಂಗು, ಲೈನರು, ವಾಲ್ವಿನ ಕಡೆ ನೋಡಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೆ ನೀರು ಒಳಗೆ ಇಳಿದಿದೆ. ಯಂತ್ರವನ್ನು ಬಿಚ್ಚುವ ಮುಂಚೆ ಅದು ಹೇಳುವುದನ್ನು ಕೇಳಬೇಕು.

ಎರಡನೆಯದು, ಅಂಕೆಯನ್ನು ಓದುವುದು. ಬೇರಿಂಗಿನ ಅಂಚಿನ ಮೇಲೆ ಸಣ್ಣ ಅಂಕೆಗಳಿರುತ್ತವೆ. 6205 ಎಂದಿದ್ದರೆ ಕೊನೆಯ ಎರಡು ಅಂಕೆಯನ್ನು ಐದರಿಂದ ಗುಣಿಸಿ. ಒಳವ್ಯಾಸ 25 ಮಿಲಿಮೀಟರು. 6308 ಎಂದಿದ್ದರೆ 40. ಆ ಅಂಕೆ ಹೇಳಿದರೆ ಟ್ರ್ಯಾಕ್ಟರಿನ ಹೆಸರು ಯಾರಿಗೆ ಬೇಕು? ಎಣ್ಣೆ ಸೋರದಂತೆ ಹಾಕುವ ಆಯಿಲ್ ಸೀಲಿಗೆ ಮೂರು ಅಂಕೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಮಸ್ಜಿದ್ ನಿಲ್ದಾಣದ ಹತ್ತಿರ ನಾಗದೇವಿ ಬೀದಿ ಇದೆಯಲ್ಲ, ಅಲ್ಲಿ ಬೇರಿಂಗು, ಸೀಲು, ಪಾನಾಗಳ ಅಂಗಡಿಗಳೇ ಸಾಲುಸಾಲು. ಹಾವೇರಿಯಿಂದ ಬಂದ ಅಳತೆಯ ಚೀಟಿಯನ್ನು ಅಲ್ಲಿ ಮುಂದಿಟ್ಟಾಗ, ಕುರ್ಲಾದಲ್ಲಿ ಮೂರು ದಿನ ಹಿಡಿದ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅಂಗಡಿಯವನು ಯಾವ ಯಂತ್ರಕ್ಕೆಂದು ಕೇಳಲೂ ಇಲ್ಲ.

ಮೂರನೆಯದು, ಈ ಯಂತ್ರ ಇಂಚಿನ ಕಾಲದ್ದು. ಇಂದಿನ ಮೇಸ್ತ್ರಿಗಳ ಪೆಟ್ಟಿಗೆಯಲ್ಲಿರುವುದು ಮಿಲಿಮೀಟರಿನ ಪಾನಾಗಳು. 9/16 ಇಂಚಿನ ಬೋಲ್ಟಿನ ತಲೆಗೆ 14ರ ಪಾನಾ ಹೊಗುವುದಿಲ್ಲ, 15ರದು ಜಾರುತ್ತದೆ. ಜಾರಿದರೆ ಬೋಲ್ಟಿನ ಮೂಲೆ ಸವೆದು ತಲೆ ಉರುಟಾಗುತ್ತದೆ. ಆಮೇಲೆ ಉಳಿ ಸುತ್ತಿಗೆಯೇ ಗತಿ. ನಮ್ಮ ಟ್ರ್ಯಾಕ್ಟರಿನಲ್ಲಿ ಹಾಗೆ ಕೆಟ್ಟ ಬೋಲ್ಟುಗಳು ಹನ್ನೊಂದು ಇದ್ದವು. ನಾನು ಮೊದಲು ಕೊಂಡು ಕಳುಹಿಸಬೇಕಾಗಿದ್ದದ್ದು ರಿಂಗನ್ನಲ್ಲ, ಇಂಚಿನ ಪಾನಾಗಳ ಒಂದು ಜೊತೆಯನ್ನು. ಅದನ್ನು ಎರಡನೆಯ ಸಲ ಕಳುಹಿಸಿದೆ.

ನಾಲ್ಕನೆಯದು ನನಗೆ ಬಹಳ ಹಿಡಿಸಿದ ಪಾಠ. ಮುಂದಿನ ಆಕ್ಸಲು ತೂಗುತ್ತಿದ್ದುದಕ್ಕೆ ಕಾರಣ ನಡುವಿನ ಪಿನ್ನಿನ ಬುಶ್ ಸವೆದದ್ದು. ಆ ಹಳೆಯ ಬುಶ್ಶನ್ನು ಅಣ್ಣನ ಮಗ ಬಟ್ಟೆಯಲ್ಲಿ ಸುತ್ತಿ ಕಳುಹಿಸಿದ್ದ. ಇದೇ ಮಾದರಿಯಲ್ಲಿ ಹೊಸದನ್ನು ಮಾಡಿಸೋಣವೆಂದು ನಾನು ಹೊರಟೆ. ಹಿರಿಯರು ತಡೆದರು. "ಸವೆದ ಮಾದರಿ ಕೊಟ್ಟರೆ ಸವೆದ ಸಾಮಾನೇ ಹುಟ್ತದೆ ಮಾರಾಯ್ರೆ. ಪಿನ್ನಿನ ಸವೆಯದ ಭಾಗದ ದಪ್ಪ ಎಷ್ಟು, ಬುಶ್ ಕೂರುವ ತೂತು ಎಷ್ಟು, ಆ ಎರಡು ಅಳತೆ ತರಿಸಿ" ಎಂದರು. ಅಳತೆ ಬಂದಿತು. ರೇ ರೋಡಿನ ದಾರುಖಾನಾದಲ್ಲಿ ಹಳೆಯ ಲೋಹದ ವ್ಯಾಪಾರಿಗಳಿದ್ದಾರೆ. ಅಲ್ಲಿ ಗನ್‌ಮೆಟಲಿನ ಒಂದು ತುಂಡು ತೂಕದ ಮೇಲೆ ಸಿಕ್ಕಿತು. ಸಾಕಿನಾಕಾದ ಒಂದು ಸಣ್ಣ ಲೇತ್ ಅಂಗಡಿಯಲ್ಲಿ ಹಿರಿಯರು ತಾವೇ ನಿಂತು ಅದನ್ನು ಕಡೆಸಿದರು. ಮುಗಿದ ಮೇಲೆ ಬುಶ್ಶನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ನಿವೃತ್ತರಾಗಿ ಹತ್ತು ವರ್ಷವಾದ ಮೇಲೆ ಅವರು ಮಾಡಿಸಿದ ಮೊದಲ ಸಾಮಾನು ಅದು.

ಐದನೆಯದು, ಎಲ್ಲವನ್ನೂ ಮುಂಬಯಿಯಲ್ಲಿಯೇ ಹುಡುಕಬಾರದು. ಇಂಜಿನಿನ ಬಡಿತಕ್ಕೆ ಕಾರಣ ಕ್ರ್ಯಾಂಕ್ ಶಾಫ್ಟಿನ ಸವೆತ. ಇಪ್ಪತ್ತು ಮೂವತ್ತು ಕಿಲೋ ತೂಕದ ಕಬ್ಬಿಣವನ್ನು ಇಲ್ಲಿಗೆ ತರಿಸುವುದೆಂದರೆ ಹುಚ್ಚು. ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರಖಾನೆಗಳೂ ಯಂತ್ರಶಾಲೆಗಳೂ ಬೇಕಾದಷ್ಟಿವೆ. ಅಲ್ಲಿ ಶಾಫ್ಟನ್ನು ಸಾಣೆ ಹಿಡಿಸಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಸಾಣೆ ಹಿಡಿದಷ್ಟೂ ಶಾಫ್ಟು ಸಣ್ಣದಾಗುತ್ತದೆ. ಅದಕ್ಕೆ ತಕ್ಕಂತೆ ಬೇರಿಂಗಿನ ಕವಚ ದಪ್ಪವಾಗಬೇಕು. ಇದರ ಲೆಕ್ಕ "ಥೌ" ಎಂಬ ಮಾನದಲ್ಲಿ, ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲು ಎರಡು ಮೂರು ಥೌ ದಪ್ಪವಿರುತ್ತದೆ. ಬೇರಿಂಗು ಸಿಗುವುದು 10, 20, 30 ಥೌ ಎಂಬ ಮೆಟ್ಟಿಲುಗಳಲ್ಲಿ. ಆದುದರಿಂದ ಮೊದಲು ಸಾಣೆ, ಆಮೇಲೆ ಖರೀದಿ. ಮೊದಲೇ ಬೇರಿಂಗು ಕೊಂಡಿಟ್ಟರೆ ಅಳತೆ ಸರಿಬರದೆ ಮನೆಯ ಅಟ್ಟಕ್ಕೆ ಅಲಂಕಾರವಾಗುತ್ತದೆ. ನಮ್ಮದು 20ಕ್ಕೆ ನಿಂತಿತು.

ಡೀಸೆಲ್ಲನ್ನು ಚಿಮ್ಮಿಸುವ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಕೂಡದೆಂದು ಹಿರಿಯರ ಕಟ್ಟಪ್ಪಣೆ. ಅದರ ಒಳಗಿನ ಭಾಗಗಳ ನಡುವಿನ ಸಂದು ಥೌ ಲೆಕ್ಕಕ್ಕೂ ಸಿಗದಷ್ಟು ಸಣ್ಣದು. ಒಂದು ಧೂಳಿನ ಕಣ ಸಾಕು. ಈ ಬಗೆಯ ಪಂಪು ನಮ್ಮ ದೇಶದಲ್ಲಿ ತಯಾರಾಗುವಂತಾದದ್ದು ಬೆಂಗಳೂರಿನ ಮೈಕೊ ಕಾರಖಾನೆಯಿಂದ. 1951ರಲ್ಲಿ ಪ್ರಾರಂಭವಾದ ಆ ಕಂಪನಿಗೆ 2008ರಲ್ಲಿ ಬಾಷ್ ಎಂಬ ಹೆಸರಾಯಿತು. ಆದರೂ ನಮ್ಮ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಅದು ಇನ್ನೂ ಮೈಕೊವೇ. ಪಂಪನ್ನು ಹುಬ್ಬಳ್ಳಿಗೆ ಒಯ್ದು, ಯಂತ್ರದ ಮೇಲೆ ಪರೀಕ್ಷಿಸಿ ಸರಿಮಾಡಿಸಿದರು.

ಉಳಿದದ್ದು ಬೆಳಗಿನ ಚಳಿಯ ರೋಗ. ಹಳೆಯ ಡೀಸೆಲ್ ಇಂಜಿನುಗಳಲ್ಲಿ ಸಿಲಿಂಡರಿಗೊಂದರಂತೆ ಕಾಯಿಸುವ ಪ್ಲಗ್ಗುಗಳಿರುತ್ತವೆ. ಕೀಲಿ ತಿರುಗಿಸಿ ಅರ್ಧ ನಿಮಿಷ ಕಾದರೆ ಅವು ಕೆಂಪಗಾಗಿ ಒಳಗಿನ ಗಾಳಿಯನ್ನು ಬಿಸಿಮಾಡುತ್ತವೆ. ಅವನ್ನು ಸಾಲಾಗಿ ಒಂದರ ಬೆನ್ನಿಗೊಂದು ಜೋಡಿಸುವುದು ಆ ಕಾಲದ ಪದ್ಧತಿ. ಗಣಪತಿಯ ಮಂಟಪದ ಹಳೆಯ ದೀಪದ ಸರ ನೆನಪಿದೆಯೇ? ಒಂದು ಬಲ್ಬು ಸುಟ್ಟರೆ ಇಡೀ ಸರ ಕತ್ತಲೆ. ಇದೂ ಹಾಗೆಯೇ. ನಾಲ್ಕೂ ಸತ್ತಿವೆಯೆಂದು ನಾಲ್ಕನ್ನೂ ಎಸೆಯಲು ಮೇಸ್ತ್ರಿ ಸಿದ್ಧನಾಗಿದ್ದ. ಒಂದೊಂದಾಗಿ ಪರೀಕ್ಷಿಸಿದಾಗ ಸತ್ತದ್ದು ಒಂದೇ.

ಇನ್ನು ನಾಲ್ಕು ಸಿಲಿಂಡರಿನ ಸರಿಯಾದ ರಿಂಗುಗಳು. ಇದೇ ಯಂತ್ರ ಇಂಗ್ಲೆಂಡಿನಲ್ಲಿಯೂ ತಯಾರಾದುದರಿಂದ, ಅಲ್ಲಿ ಹಳೆಯ ಟ್ರ್ಯಾಕ್ಟರನ್ನು ಹವ್ಯಾಸಕ್ಕೆಂದು ಇಟ್ಟುಕೊಂಡವರಿಗಾಗಿ ಇದರ ಸಾಮಾನು ಇಂದಿಗೂ ಮಾರುತ್ತಾರೆ. ಅಲ್ಲಿಂದ ತರಿಸಲು ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು. ನಮ್ಮ ಹಿರಿಯರು ಇಂಜಿನಿನ ಅಳತೆಯನ್ನು ಬರೆದುಕೊಟ್ಟರು: ಸಿಲಿಂಡರಿನ ವ್ಯಾಸ 3 3/8 ಇಂಚು, ಪಿಸ್ಟನ್ ನಡೆಯುವ ದೂರ 4 ಇಂಚು. ಆ ಚೀಟಿ, ಹಳೆಯ ರಿಂಗಿನ ಅಗಲ, ಬಿ-275 ಎಂಬ ಪೂರ್ಣ ಹೆಸರು, 1974 ಎಂಬ ವರ್ಷ, ಇಷ್ಟನ್ನೂ ಬರೆದು ನಾಲ್ಕೈದು ಕಡೆ ಕೇಳಿಸಿದೆವು. ಡೀಸೆಲ್ ಇಂಜಿನಿನ ಸಾಮಾನಿಗೆ ಹೆಸರಾದ ರಾಜಕೋಟದಿಂದ ಉತ್ತರ ಬಂದಿತು. ಬೆಲೆ ನಮ್ಮ ಕೈಗೆಟಕುವಂತಿತ್ತು.

ಮೇ ತಿಂಗಳು ಮುಗಿಯುತ್ತ ಬಂದಿತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ನಮ್ಮ ಕಡೆ. ಆ ಮಳೆ ಇನ್ನೇನು ಬರುವುದರಲ್ಲಿತ್ತು. ಎಲ್ಲ ಸಾಮಾನು ಕೂಡಿಸಿ ಇಂಜಿನು ಕಟ್ಟಿದರು. ಬೆಳಿಗ್ಗೆ ಆರಕ್ಕೆ ಅಣ್ಣನ ಫೋನು.

"ಹತ್ತವಲ್ದು" ಎಂದ. ಮತ್ತೇನೂ ಹೇಳಲಿಲ್ಲ. ಆ ಒಂದು ಮಾತಿನಲ್ಲಿ ಎತ್ತಿತ್ತು, 90,000 ರೂಪಾಯಿಯಿತ್ತು, ನನ್ನ ನಾಲ್ಕು ಎಕರೆಯೂ ಇತ್ತು.

ನಾನು ಚಪ್ಪಲಿ ಮೆಟ್ಟಿಕೊಂಡು ಹಿರಿಯರ ಮನೆಗೆ ಓಡಿದೆ. ಅವರು ಪೂಜೆಗೆ ಕೂತಿದ್ದವರು ಎದ್ದು ಬಂದು ಫೋನು ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ಗಾಳಿ ತೆಗೆದಿದ್ದೀರಾ?"

ಡೀಸೆಲಿನ ಕೊಳವೆಯನ್ನು ಬಿಚ್ಚಿ ಕೂಡಿಸಿದಾಗ ಒಳಗೆ ಗಾಳಿ ಸೇರುತ್ತದೆ. ಗಾಳಿ ಇರುವ ತನಕ ಪಂಪು ಗಾಳಿಯನ್ನೇ ಒತ್ತುತ್ತದೆ; ಡೀಸೆಲ್ ಚಿಮ್ಮುವುದಿಲ್ಲ. ಹಿರಿಯರು ಇಲ್ಲಿ ಕಾಂದಿವಲಿಯಲ್ಲಿ ಕೂತು ಹೇಳುತ್ತ ಹೋದರು. ಅಲ್ಲಿ ಅಣ್ಣನ ಮಗ ಮಾಡುತ್ತ ಹೋದ. ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸು. ಕೈಪಂಪನ್ನು ಒತ್ತು. ಗುಳ್ಳೆ ಬರುತ್ತದೆಯೇ? ಒತ್ತು. ಗುಳ್ಳೆ ನಿಂತು ಬರೀ ಡೀಸೆಲ್ ಬಂತೇ? ಬಿಗಿಮಾಡು. ಈಗ ಪಂಪಿನ ಮೇಲಿನ ತಿರುಪು. ಮತ್ತೆ ಒತ್ತು. ಕುಂದಾಪುರದ ಕನ್ನಡ ಆ ಹುಡುಗನಿಗೆ ಒಂದೆರಡು ಕಡೆ ತಿಳಿಯಲಿಲ್ಲ. ನಾನು ನಡುವೆ ಹಾವೇರಿಯ ಕನ್ನಡದಲ್ಲಿ ಹೇಳಿದೆ. ಕೊನೆಗೆ, "ಅರ್ಧ ನಿಮಿಷ ಕಾಯಿಸಿ, ಈಗ ಹೊಡೆಯಿರಿ" ಎಂದರು.

ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹತ್ತಿತು.

ಆ ಸದ್ದು ಫೋನಿನಲ್ಲಿ ಕೇಳಿದಾಗ ಹಿರಿಯರು ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿದರು. "ನಾಲ್ಕೂ ಸರಿ ಹೊಡೀತಾ ಉಂಟು" ಎಂದರು. ಮತ್ತೆ ಪೂಜೆಗೆ ಹೋದರು.

ಲೆಕ್ಕ ಬರೆದವನಾದ್ದರಿಂದ ಲೆಕ್ಕವನ್ನೂ ಒಪ್ಪಿಸಬೇಕು. ಯಂತ್ರಕ್ಕೆ 90,000, ಸಾಮಾನು, ಸಾಣೆ, ಪಂಪು, ಮೇಸ್ತ್ರಿಯ ಕೂಲಿ ಎಲ್ಲ ಸೇರಿ 58,000. ಅದರಲ್ಲಿ ನನ್ನ ಪೆದ್ದುತನದ ರಿಂಗೂ ಒಂದು. ಹಳೆಯದು ಅಗ್ಗವೆಂದು ಯಾರೂ ತಿಳಿಯಬಾರದು. ಕೊಳ್ಳುವ ಮುಂಚೆ ಪಟ್ಟಿಯ ಮೇಲಿನ ಅಂಕೆಯೂ ಇಂಜಿನಿನ ಮೇಲಿನ ಅಂಕೆಯೂ ನೋಂದಣಿ ಪುಸ್ತಕಕ್ಕೆ ಹೊಂದುತ್ತವೆಯೇ ನೋಡಬೇಕು. ತಣ್ಣಗಿರುವಾಗ ಚಾಲೂ ಮಾಡಿಸಬೇಕು, ಏಕೆಂದರೆ ಮೊದಲೇ ಬಿಸಿಮಾಡಿಟ್ಟ ಇಂಜಿನು ತನ್ನ ರೋಗವನ್ನು ಹೇಳುವುದಿಲ್ಲ. ಇನ್ನೊಂದು ಮಾತು. ನಮ್ಮ ಟ್ರ್ಯಾಕ್ಟರಿಗೆ ಮಗುಚಿದರೆ ನಡೆಸುವವನನ್ನು ಕಾಯುವ ಚೌಕಟ್ಟಿಲ್ಲ. ಆ ಕಾಲದವಕ್ಕೆ ಸಾಮಾನ್ಯವಾಗಿ ಇರುತ್ತಿರಲಿಲ್ಲ. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳು ಗಾಲಿಯ ಮೇಲಿನ ತಗಡಿನ ಮೇಲೆ ಕೂತು ಸವಾರಿ ಮಾಡಲು ಆಸೆಪಡುತ್ತಾರೆ. ದಯವಿಟ್ಟು ಕೂರಿಸಬೇಡಿ. ತಿರುಗುವ ಶಾಫ್ಟಿನ ಹತ್ತಿರ ಧೋತರ, ಸೀರೆಯ ಸೆರಗು ಸುಳಿಯದಂತೆ ನೋಡಿಕೊಳ್ಳಿ.

ಆ ಮುಂಗಾರಿನಲ್ಲಿ ಎಂಟು ಎಕರೆಯೂ ಹದದಲ್ಲಿ ಬಿತ್ತನೆಯಾಯಿತು. ನನ್ನ ಪಾಲನ್ನು ನಾನು ಮಾರಲಿಲ್ಲ. ಮಗ ಇನ್ನೂ ಬಾಡಿಗೆ ಮನೆಯಲ್ಲಿಯೇ ಇದ್ದಾನೆ, ಇದನ್ನು ಮುಚ್ಚಿಡುವುದಿಲ್ಲ. ನಾಲ್ಕು ತಿಂಗಳು ಪ್ರತಿ ಸಂಜೆ ಅಣ್ಣನೂ ನಾನೂ ಬುಶ್ಶು ಬೇರಿಂಗುಗಳ ಮಾತಾಡಿದೆವು. ಹೊಲದ ಮಾತು ಒಮ್ಮೆಯೂ ಬರಲಿಲ್ಲ. ಬಿತ್ತನೆ ಮುಗಿದ ರಾತ್ರಿ ಅವನೇ ಅಂದ: "ನಿನ್ನ ಹೊಲ ನೀ ಮಾರೂದಾದ್ರ ಮಾರಪ್ಪ. ನಾ ಬ್ಯಾಡ ಅನ್ನೂದುಲ್ಲ." ಅದನ್ನು ಕೇಳಿದ ಮೇಲೆ ಮಾರುವ ಮನಸ್ಸು ನನಗಾಗಲಿಲ್ಲ.

ಕಡೆಯದಾಗಿ ಸಂಘಕ್ಕೆ ಒಂದು ಬಿನ್ನಹ. ಬೇಕಾದ ವಸ್ತು ಈ ಊರಿನಲ್ಲಿ ಎಲ್ಲಿಯೋ ಇರುತ್ತದೆ. ಅದನ್ನು ಕೇಳುವ ರೀತಿ ಬಲ್ಲವರು ನಮ್ಮ ನಡುವೆಯೇ, ಪಂಕ್ತಿಯಲ್ಲಿ ಪಕ್ಕದ ಎಲೆಯ ಮುಂದೆಯೇ ಇರುತ್ತಾರೆ. ಗಿರಣಿ, ಬಂದರು, ರೈಲ್ವೆ, ಕಾರಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮವರು ಎಷ್ಟೋ ಮಂದಿ. ಅವರ ವಿದ್ಯೆ ಪುಸ್ತಕದಲ್ಲಿಲ್ಲ; ಅವರ ಕೈಯಲ್ಲಿದೆ, ಕನ್ನಡದಲ್ಲಿದೆ. ವಾಚನಾಲಯದ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಡೋಣ. ಯಾರಿಗೆ ಯಾವ ಕೆಲಸ ಗೊತ್ತೆಂದು ಅದರಲ್ಲಿ ಬರೆಯೋಣ. ಊರಿನಿಂದ ಯಾರದಾದರೂ ಅಣ್ಣ, ಮಾವ, ಭಾವ ಫೋನು ಮಾಡಿ "ಹತ್ತವಲ್ದು" ಎಂದಾಗ, ಯಾರ ಮನೆಗೆ ಓಡಬೇಕೆಂದು ನಮಗೆ ತಿಳಿದಿರಲಿ. ಮೊದಲ ಹೆಸರನ್ನು ನಾನು ಬರೆಯುತ್ತೇನೆ. ಹಿರಿಯರು ಸಿಟ್ಟಾದರೂ ಸರಿಯೇ.